ಒಂದು ಕಾಳೂ ಇಲ್ಲ ಅಂದಿದ್ದೆ

ನನ್ನ ಕನ್ನಡದ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು. ವಿಜಯಪುರದ ಕಡೆಯ ಹಳ್ಳಿಯೊಂದರಿಂದ ಮದುವೆಯಾಗಿ ಮುಂಬೈ ಪಕ್ಕದ ಡೊಂಬಿವಲಿಗೆ ಬಂದವಳು ನಾನು. ಇಲ್ಲಿನ ಒಂದು ಪುಟ್ಟ ಕನ್ನಡ ಪ್ರಾಥಮಿಕ ಶಾಲೆಯಲ್ಲಿ ಹನ್ನೆರಡು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ನಮ್ಮಲ್ಲಿ ಮನೆಯಲ್ಲಿ ತುಳು ಮಾತಾಡುವ ಉಡುಪಿ ಕಡೆಯ ಮಕ್ಕಳಿದ್ದಾರೆ, ಬಾಗಲಕೋಟೆ, ಕಲಬುರಗಿ ಕಡೆಯವರ ಮಕ್ಕಳಿದ್ದಾರೆ. ಯಾರ ಮಕ್ಕಳಾದರೂ ಸರಿ, ಅಂಗಳಕ್ಕೆ ಬಿಟ್ಟ ಕೂಡಲೇ ಹಿಂದಿ. ಪಾಲಕರ ಸಭೆಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಮುಖ ಮುಖ ನೋಡಿಕೊಂಡಾಗ ನಡುವೆ ನಿಂತು ಬಿಡಿಸಿ ಹೇಳುತ್ತಿದ್ದವಳು ನಾನೇ. "ಅಕ್ಕಾರಿಗೆ ಎಲ್ಲಾರ ಮಾತೂ ತಿಳಿತಾವ" ಎಂದು ಯಾರಾದರೂ ಹೊಗಳಿದರೆ ಬೇಡ ಅನ್ನುತ್ತಿರಲಿಲ್ಲ. ಆ ಜಂಬದಲ್ಲೇ ಒಂದು ಮಗುವಿನ ಜೀವಕ್ಕೆ ಕುತ್ತು ತಂದೆ.

ದೀಪಾವಳಿ ರಜೆ ಮುಗಿದ ವಾರ ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡು ಬಂದರು. ತುಮಕೂರಿನ ಕಡೆಯವರು. ಅಳಿಯನ ಕೆಲಸ ದೂರದೂರಿನಲ್ಲಿ. ಮಗಳು ಬೆಳಗಾಗುತ್ತಲೇ ಲೋಕಲ್ ಹಿಡಿದು ಸಾನಪಾಡಾದ ಆಫೀಸಿಗೆ ಹೋಗುತ್ತಾಳೆ. ಮಗುವನ್ನು ನೋಡಿಕೊಳ್ಳಲೆಂದೇ ಅಜ್ಜಿ ಊರು ಬಿಟ್ಟು ಬಂದಿದ್ದರು. ಮಗು ಅದುವರೆಗೆ ಇಂಗ್ಲಿಷ್ ಶಾಲೆಯಲ್ಲಿತ್ತು.

"ಮನೇಲಿ ಮಾತಾಡ್ಸಿದ್ರೆ ಹಿಂದೀಲಿ ಉತ್ರ ಕೊಡ್ತಾಳಮ್ಮ. ನಂಗೆ ಅದು ಅರ್ಥ ಆಗಲ್ಲ. ನನ್ ಜೊತೆ ನಾಕು ಮಾತು ಕನ್ನಡದಲ್ಲಿ ಆಡ್ಲಿ ಅಂತ ಮಗಳ ಕೈಲಿ ಜಗಳ ಮಾಡಿ ಇಲ್ಲಿಗ್ ಹಾಕ್ತಿದೀನಿ" ಎಂದರು.

ಏಳು ವರ್ಷದ ಹುಡುಗಿ. ಎರಡು ಜಡೆ, ದೊಡ್ಡ ಕಣ್ಣು. ಎರಡನೇ ತರಗತಿ, ಅಂದರೆ ನನ್ನ ತರಗತಿ. ಅರ್ಜಿ ತುಂಬಲು ಅಜ್ಜಿ ಕನ್ನಡಕ ತಂದಿರಲಿಲ್ಲ. ನಾನೇ ಕೇಳುತ್ತ ಹೋದೆ, ನಾನೇ ಬರೆದೆ. ಆರೋಗ್ಯದ ಸಾಲಿಗೆ ಬಂದಾಗ ಅಜ್ಜಿ ಮೇಜಿನ ಮೇಲೆ ಬಾಗಿ, ನನ್ನ ಕೈಯನ್ನೇ ಹಿಡಿದುಕೊಂಡರು.

"ಇದೊಂದು ಮರೀಬೇಡಿ ತಾಯಿ. ಮಗೂಗೆ ಕಡ್ಲೆಕಾಯಿ ಆಗಲ್ಲ. ಒಂದೇ ಒಂದು ಕಾಳು ಹೊಟ್ಟೆಗೆ ಹೋದ್ರೂ ಉಸಿರು ಕಟ್ಟತ್ತೆ. ಮೂರು ವರ್ಷದವಳಿದ್ದಾಗ ಒಂದ್ಸಲ ಆಸ್ಪತ್ರೇಲಿ ಇಟ್ಟಿದ್ವಿ."

"ನೀವೇನೂ ಚಿಂತಿ ಮಾಡಬ್ಯಾಡ್ರಿ" ಎಂದೆ.

ಕಡ್ಲೆಕಾಯಿ ಅಂದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ನಮ್ಮೂರಿನ ಎರೆ ಹೊಲ. ಚಳಿಗಾಲದಲ್ಲಿ ಗಿಡಸಮೇತ ಕಿತ್ತು ತಂದು, ಹಸಿರು ಕಾಯಿ ಬಿಡಿಸಿ ತಿನ್ನುತ್ತಿದ್ದ ಕಡಲೆ. ಆ ಎಲೆಗೆ ಕೈ ತಾಕಿದರೆ ಬೆರಳೆಲ್ಲ ಹುಳಿಯಾಗುತ್ತದೆ. ನಮಗೆ ಕಡ್ಲಿಕಾಯಿ ಅಂದರೆ ಅದೇ, ಬೇರೆ ಅಲ್ಲ. ಶಾಲೆಯ ಮಾವಶಿಗೂ ತಿಳಿಯಲಿ ಎಂದು ಅದರ ಮರಾಠಿ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದೆ: ಹರಭರಾ. ಕೆಳಗೆ ಎರಡು ಗೀಟು ಎಳೆದೆ. ಮಾವಶಿ ಎಂದರೆ ನಮ್ಮಲ್ಲಿ ಮಕ್ಕಳ ಮೂಗು ಒರೆಸುವುದರಿಂದ ಹಿಡಿದು ಗಂಟೆ ಹೊಡೆಯುವವರೆಗೆ ಎಲ್ಲವನ್ನೂ ಮಾಡುವ ಹೆಂಗಸು, ಪಕ್ಕದೂರು ಕಲ್ಯಾಣದ ಮರಾಠಿಯವರು. ಅವರಿಗೆ ಓದಿ ಹೇಳಿದೆ. ಉಡುಪಿ ಕಡೆಯ ನಮ್ಮ ಹೆಡ್‌ಮಿಸ್‌ಗೂ ತೋರಿಸಿದೆ. "ಹರಭರಾ ಅಂದ್ರೆ ನಮ್ಮ ಕಡ್ಲೆ ಅಲ್ವಾ? ಸರಿ, ಜಾಗ್ರತೆ ಮಾರಾಯ್ರೆ" ಎಂದರು. ಅಜ್ಜಿ ನಾನು ಬೆರಳಿಟ್ಟ ಕಡೆ ಸಹಿ ಮಾಡಿ ನಿಶ್ಚಿಂತೆಯಿಂದ ಹೋದರು.

ಶನಿವಾರ ನಮ್ಮಲ್ಲಿ ದಪ್ತರ ಇಲ್ಲದ ದಿನ. ಪುಸ್ತಕದ ಚೀಲ ಮನೆಯಲ್ಲಿ, ಮಕ್ಕಳು ಬರಿಗೈಯಲ್ಲಿ. ಆ ದಿನವನ್ನು ನಾನು ಬಹಳ ಹಚ್ಚಿಕೊಂಡಿದ್ದೆ. ಪಾವು ಸೇರು, ಕಿಲೋ ಗ್ರಾಂ ಎಂದು ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುವುದೆಂದರೆ ನನಗೆ ಮೈ ಉರಿಯುತ್ತದೆ. ತಕ್ಕಡಿ ಕೈಗೆ ಕೊಡಿ, ಒಂದು ಪರಡಿ ಮೇಲೆ ಹೋಯಿತೋ ಕೆಳಗೆ ಬಂತೋ ಅವರೇ ನೋಡಲಿ. ಒಂದು ಶನಿವಾರ ಬಳ್ಳೊಳ್ಳಿ ಬಿಡಿಸುತ್ತ ಎಣಿಕೆ ಕಲಿತರು. ಇನ್ನೊಂದು ಶನಿವಾರ ಒಬ್ಬ ಹುಡುಗನ ತಂದೆ, ಮಾಜಿವಾಡಾದಲ್ಲಿ ಹೋಟೆಲು ನಡೆಸುವವರು, ತಾವೇ ಬಂದು ದೋಸೆ ಹುಯ್ದು ವೃತ್ತ ಎಂದರೇನು ಎಂದು ತೋರಿಸಿದರು. ತಾಯಂದಿರು ಸರದಿಯ ಮೇಲೆ ಸಹಾಯಕ್ಕೆ ಬರುತ್ತಿದ್ದರು. ಆಯಿ, ಅಮ್ಮ, ಅವ್ವ ಎಲ್ಲರೂ ಒಂದೇ ಜಮಖಾನದ ಮೇಲೆ ಕುಳಿತು ಹರಟುವುದು ವಾರದಲ್ಲಿ ಅದೊಂದೇ ದಿನ. "ಆಟ ಆಡಿಸ್ತಾರ, ಪಾಠ ಯಾವಾಗ?" ಎಂದು ಗೊಣಗುವವರೂ ಇದ್ದರು. ಅವರ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಜನವರಿಯಲ್ಲಿ, ಸಂಕ್ರಾಂತಿಯ ಹಿಂದಿನ ಶನಿವಾರ, ಎಳ್ಳುಂಡೆ ಕಟ್ಟುವುದೆಂದು ಗೊತ್ತು ಮಾಡಿದೆ. ನನ್ನ ಲೆಕ್ಕ ಹೀಗಿತ್ತು: ಎಳ್ಳು ಎರಡು ಬಟ್ಟಲು, ಬೆಲ್ಲ ಎರಡು, ಪುಟಾಣಿ ಹಿಟ್ಟು ಒಂದು, ಶೇಂಗಾ ಒಂದು. ಪುಟಾಣಿ ಅಂದರೆ ಹುರಿಗಡಲೆ. ಪಟ್ಟಿ ಬರೆದು ಮುಗಿಸಿದಾಗ ಕೆಂಪು ಶಾಯಿ ನೆನಪಾಯಿತು. ಪುಟಾಣಿಯೂ ಕಡಲೆಯೇ ತಾನೇ! ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು ಪುಟಾಣಿಯನ್ನು ಹೊಡೆದು ಹಾಕಿದೆ. ಅದರ ಬದಲಿಗೆ ಶೇಂಗಾವನ್ನು ಎರಡು ಬಟ್ಟಲು ಮಾಡಿದೆ. ಸಹಾಯಕ್ಕೆ ಬರುವ ತಾಯಂದಿರಿಗೆ ವಾಟ್ಸಾಪಿನಲ್ಲಿ ಕಟ್ಟುನಿಟ್ಟಾಗಿ ಬರೆದೆ: ಪುಟಾಣಿ, ಕಡ್ಲಿಬ್ಯಾಳಿ, ಕಡ್ಲಿಹಿಟ್ಟು ಯಾವುದೂ ಶಾಲೆಯೊಳಗೆ ಬರಕೂಡದು. ಯಾರೋ ಕೈ ಮುಗಿಯುವ ಚಿತ್ರ ಹಾಕಿದರು. ಮಗುವಿನ ತಾಯಿಯ ಫೋನ್ ನಂಬರು ಆ ಗುಂಪಿಗೆ ಇನ್ನೂ ಸೇರಿರಲಿಲ್ಲ. ಸೇರಿಸಬೇಕು ಎಂದು ಎರಡು ತಿಂಗಳಿಂದ ಅಂದುಕೊಳ್ಳುತ್ತಲೇ ಇದ್ದೆ.

ಆ ದಿನ ಮಕ್ಕಳನ್ನು ನಾಲ್ಕು ಗುಂಪು ಮಾಡಿದೆ. ಒಂದು ಗುಂಪು ತೂಕಕ್ಕೆ, ಒಂದು ಬೆಲ್ಲ ಕುಟ್ಟುವುದಕ್ಕೆ. ಮೂರನೆಯದು ಹೊರಗೆ ಜಗಲಿಯ ಮೇಲೆ ಹುರಿದ ಶೇಂಗಾ ತಿಕ್ಕಿ, ಸಿಪ್ಪೆ ಊದಿ ಹಾರಿಸುವುದಕ್ಕೆ. ನಾಲ್ಕನೆಯದು ಒಳಗೆ ಉಂಡೆ ಕಟ್ಟುವುದಕ್ಕೆ. ಆ ಹುಡುಗಿ ಉಂಡೆ ಕಟ್ಟುವ ಗುಂಪಿನಲ್ಲಿದ್ದಳು. ಅವಳ ಮುಂದೆ ಪರಾತಕ್ಕೆ ಬಂದು ಬಿದ್ದದ್ದು ಎಲ್ಲ ಕುಟ್ಟಿ ಬೆರೆಸಿದ ಕಂದು ಬಣ್ಣದ ಹೂರಣ. ಅದರೊಳಗೆ ಏನಿದೆ ಎಂದು ನೋಡಿ ಹೇಳುವ ಹಾಗಿರಲಿಲ್ಲ.

ಕೈಗೆ ತುಪ್ಪ ಸವರಿಸಿಕೊಂಡ ಮೇಲೂ ಅವಳು ಹೂರಣ ಮುಟ್ಟಲಿಲ್ಲ. ನನ್ನ ಸೆರಗು ಜಗ್ಗಿದಳು.

"ಟೀಚರ್, ಇಸ್‌ಮೇ ಕಡ್ಲೆಕಾಯಿ ತೋ ನಹೀ ಹೈ ನಾ?"

ಅಜ್ಜಿ ಎಷ್ಟು ಚೆನ್ನಾಗಿ ಕಲಿಸಿದ್ದಾರೆ ಎಂದು ಖುಷಿಯಾಯಿತು. ಬಗ್ಗಿ ಅವಳ ಗಲ್ಲ ಹಿಡಿದು ಹೇಳಿದೆ: "ಒಂದು ಕಾಳೂ ಇಲ್ಲ ಬಾಳಾ. ನಿನಗಂತನ ಎಲ್ಲಾ ತೆಗಸೀನಿ."

ಅವಳು ನಕ್ಕಳು. ಉಂಡೆ ಕಟ್ಟಿದಳು. ಐದು ಉಂಡೆ ಕಟ್ಟಿ ಆರನೆಯದನ್ನು ಬಾಯಿಗೆ ಹಾಕಿಕೊಂಡಳು.

ಸ್ವಲ್ಪ ಹೊತ್ತಿಗೆ "ಟೀಚರ್, ಹಾತ್ ಖುಜಾ ರಹಾ ಹೈ" ಎಂದು ಅಂಗೈ ಕೆರೆದುಕೊಳ್ಳುತ್ತ ಬಂದಳು. ಬೆಲ್ಲದ ಅಂಟು ಇರಬೇಕು, ತೊಳೆದುಕೊ ಎಂದೆ. ತೊಳೆದುಕೊಂಡು ಬರುವಷ್ಟರಲ್ಲಿ ಕೆಮ್ಮುತ್ತಿದ್ದಳು. ಎಳ್ಳು ಗಂಟಲಿಗೆ ಸಿಕ್ಕಿದೆ, ನೀರು ಕುಡಿ ಎಂದೆ. ಎರಡು ಸಲ ಬಂದು ಹೇಳಿದರೂ ಎರಡು ಸಲವೂ ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಮೊದಲು ಕಂಡದ್ದು ಮಾವಶಿಗೆ. "ಬಾಯಿ, ಹಿಚೆ ಓಠ ಬಘಾ!" ಎಂದು ಕೂಗಿದರು. ತುಟಿ ನೋಡಿದೆ. ದಪ್ಪಗಾಗಿ ಹೊರಚಾಚಿದ್ದವು. ಕುತ್ತಿಗೆಯ ತುಂಬ ಕೆಂಪು ಗಂಧೆ. ಅಳುವುದಕ್ಕೆ ಬಾಯಿ ತೆರೆದಳು, ದನಿ ಗೊಗ್ಗರಾಗಿತ್ತು.

ಮಗುವನ್ನು ಹೊತ್ತು ರಸ್ತೆಗೆ ಓಡಿದೆ. ಮಾವಶಿ ಅಡ್ಡ ನಿಂತು ಒಂದು ರಿಕ್ಷಾ ನಿಲ್ಲಿಸಿದರು, ತಾವೂ ಹತ್ತಿದರು. ನರ್ಸಿಂಗ್ ಹೋಮ್ ದೂರವಲ್ಲ, ನಡೆದರೂ ಹದಿನೈದು ನಿಮಿಷ. ಆದರೆ ಶನಿವಾರದ ಮಾರ್ಕೆಟ್ಟು, ಸಂಕ್ರಾಂತಿಯ ಖರೀದಿ, ರಸ್ತೆಯ ಅರ್ಧ ಗಾಡಿಗಳೇ. ಒಂದು ಟೆಂಪೊ ಹಿಂದಕ್ಕೆ ಬರುವುದೋ ಮುಂದಕ್ಕೆ ಹೋಗುವುದೋ ತೀರ್ಮಾನವಾಗದೆ ಅಡ್ಡ ನಿಂತಿತ್ತು. ಮಗು ನನ್ನ ಎದೆಗೆ ಒರಗಿ ಉಸಿರು ಎಳೆಯುತ್ತಿತ್ತು. ಪ್ರತಿ ಸಲವೂ ಸೀಟಿಯಂಥ ಸದ್ದು. ಆ ಸದ್ದು ನಿಂತರೆ ಎಂದು ಹೆದರಿ ಅದನ್ನೇ ಕೇಳುತ್ತ ಕುಳಿತಿದ್ದೆ.

ಒಂದು ಕೈಯಲ್ಲಿ ಅಜ್ಜಿಗೆ ಫೋನು ಮಾಡಿದೆ. "ಅಜ್ಜೀ, ಮಗೀಗೆ ಉಸಿರಾಟಕ್ಕ ತ್ರಾಸ ಆಗೇತ್ರಿ. ಕಡ್ಲಿಕಾಯಿ ಏನೂ ತಿಂದಿಲ್ರಿ, ನಾನ ಎಲ್ಲಾ ತೆಗಸಿದ್ದೆ. ಬರೇ ಎಳ್ಳು, ಬೆಲ್ಲ, ಶೇಂಗಾ. ಮತ್ತೇನರ ಆಗೂದಿಲ್ಲೇನ್ರಿ ಆಕಿಗೆ?"

ಅಜ್ಜಿ ಕೇಳಿದರು: "ಶೇಂಗಾ ಅಂದ್ರೆ ಏನಮ್ಮ?"

"ಶೇಂಗಾ ರೀ... ನೆಲದಾಗ ಬೆಳಿತೈತಲ್ರಿ. ಸಿಪ್ಪಿ ಒಡದ್ರ ಒಳಗ ಎರಡ ಕಾಳ ಇರ್ತಾವ. ಎಣ್ಣಿ ತಗಿತಾರ..."

ಹೇಳುತ್ತ ಹೇಳುತ್ತಲೇ ನನ್ನ ದನಿ ಇಳಿಯಿತು. ಅಜ್ಜಿ ಕಿರುಚಿದ್ದು ಮಾವಶಿಗೂ ಕೇಳಿಸಿತು.

"ಅಯ್ಯೋ, ಅದೇ ಕಣಮ್ಮಾ ಕಡ್ಲೆಕಾಯಿ! ಅದೇ ಕಡ್ಲೆಕಾಯಿ!"

ನಾನು ಟೀಚರು. ದಕ್ಷಿಣದ ಕಡೆ ಶೇಂಗಾಕ್ಕೆ ಕಡ್ಲೆಕಾಯಿ ಅಂತಾರೆ ಎಂದು ಎಲ್ಲಾದರೂ ಓದಿರಲೇಬೇಕು, ಯಾರ ಬಾಯಲ್ಲಾದರೂ ಕೇಳಿರಲೇಬೇಕು. ಆ ಮೇಜಿನ ಮುಂದೆ ಅದು ನೆನಪಿಗೆ ಬರಲಿಲ್ಲ, ಅಷ್ಟೇ. ಕೇಳಿ ಖಾತ್ರಿ ಮಾಡಿಕೊಳ್ಳುವ ಬುದ್ಧಿಯೂ ಬರಲಿಲ್ಲ. ಇದ್ದ ವಿಷವನ್ನು ಎರಡು ಬಟ್ಟಲು ಮಾಡಿ, ಒಂದು ಕಾಳೂ ಇಲ್ಲ ಎಂದು ಗಲ್ಲ ಹಿಡಿದು ತಿನ್ನಿಸಿದ್ದೆ.

ಟೆಂಪೊ ಸರಿಯುವವರೆಗೆ ಕಾಯಲಿಲ್ಲ. ಮಾವಶಿ ಇಳಿದು ಜನರನ್ನು ಎರಡು ಕೈಯಿಂದ ಸರಿಸುತ್ತ ಮುಂದೆ ಓಡಿದರು, ನಾನು ಮಗುವನ್ನು ಹೊತ್ತು ಅವರ ಬೆನ್ನ ಹಿಂದೆ. ನರ್ಸಿಂಗ್ ಹೋಮಿನ ಬಾಗಿಲಲ್ಲೇ ಕೂಗಿ ಹೇಳಿದೆ, ಶೇಂಗದಾಣಾ ತಿಂದಿದ್ದಾಳೆ, ಅದು ಆಗುವುದಿಲ್ಲ ಅವಳಿಗೆ. ಡಾಕ್ಟರಮ್ಮ ಮತ್ತೊಂದು ಪ್ರಶ್ನೆ ಕೇಳದೆ ತೊಡೆಗೆ ಇಂಜೆಕ್ಷನ್ ಚುಚ್ಚಿದರು, ಮೂಗಿಗೆ ಆಕ್ಸಿಜನ್ ಹಾಕಿದರು. ನನ್ನನ್ನು ಹೊರಗೆ ಕಳಿಸಿದರು.

ಅಜ್ಜಿ ಬಂದರು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ಬೆಂಚಿನ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು. ಮಗುವಿನ ತಾಯಿ ಸಾನಪಾಡಾದಿಂದ ಹೊರಟಿದ್ದಳು. ಥಾಣೆ ಸ್ಟೇಷನ್ನಿನಲ್ಲಿ ಲೋಕಲ್ ಬದಲಿಸಿದ್ದೇನೆ ಎಂದು ಅಜ್ಜಿಗೆ ಫೋನು ಬಂತು. ಮುಂಬ್ರಾ ದಾಟಿತು ಎಂದು ಇನ್ನೊಂದು ಸಲ. ಪ್ರತಿ ಸಲವೂ ಒಂದೇ ಪ್ರಶ್ನೆ, ಉಸಿರಾಡ್ತಿದಾಳಾ? ಅಜ್ಜಿ ಗಾಜಿನ ಬಾಗಿಲ ಕಡೆ ನೋಡಿ "ಹೂಂ ಕಣೇ" ಅನ್ನುತ್ತಿದ್ದರು. ಒಳಗೆ ಏನಾಗುತ್ತಿದೆ ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ತಾಯಿ ಬಂದು ಮುಟ್ಟುವ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದು, ಊತ ಇಳಿಯುತ್ತಿದೆ, ಉಸಿರು ಸರಿಯಾಗಿದೆ, ನಾಳೆಯವರೆಗೆ ಇಲ್ಲೇ ಇರಲಿ ಎಂದಿದ್ದರು. ತಾಯಿ ಒಳಗೆ ಹೋಗಿ ಮಗುವನ್ನು ನೋಡಿ ಬಂದಳು. ಆಮೇಲೆ ತಿರುಗಿ ತನ್ನ ತಾಯಿಯ ಮೇಲೆ ಹರಿಹಾಯ್ದಳು.

"ಅಮ್ಮಾ, ಒಂದು ಕೆಲ್ಸ ಹೇಳಿದ್ದೆ ನಿಂಗೆ. ಒಂದೇ ಒಂದು. ಪೀನಟ್ ಅಂತ ಬರ್ಸಕ್ಕೆ ಏನಾಗಿತ್ತು? ಈ ಊರಲ್ಲಿ ನಿನ್ನ ಕಡ್ಲೆಕಾಯಿ ಯಾರಿಗೆ ಅರ್ಥ ಆಗತ್ತೆ? ಕನ್ನಡ ಸ್ಕೂಲು ಕನ್ನಡ ಸ್ಕೂಲು ಅಂತ ಕುಣಿದ್ಯಲ್ಲ!"

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಳಿತರು. "ನಂದೇ ತಪ್ಪು ಕಣೇ, ನಂಗೆ ಹೇಳಕ್ಕೆ ಬರ್ಲಿಲ್ಲ" ಎಂದರು.

ಹೆಡ್‌ಮಿಸ್ ಕೂಡ ಅಷ್ಟರಲ್ಲಿ ಬಂದಿದ್ದರು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಅವರೇ ತಪ್ಪು ಹೇಳಿದ್ದು ಅಂತ ಒಪ್ಪಿಕೊಂಡಿದ್ದಾರಲ್ಲ. ಫಾರ್ಮಿಗೆ ಸಹಿ ಕೂಡ ಅವರದ್ದೇ ಉಂಟು. ನೀವು ಎಂತ ಮಾತಾಡ್ಲಿಕ್ಕೆ ಹೋಗ್ಬೇಡಿ."

ನಾನು ಮಾತಾಡಲಿಲ್ಲ. ಇದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ನೌಕರಿ ಹೋಗುತ್ತದೆಯೇ, ಜನ ಏನಂದಾರು, ಶನಿವಾರಗಳು ನಿಂತುಹೋಗುತ್ತವೆಯೇ, ಇದೇ ತಲೆಯಲ್ಲಿ ತಿರುಗುತ್ತಿತ್ತು. ಚಹಾ ಬಂತು, ಕುಡಿದೆ. ಅಜ್ಜಿ ಕುಡಿಯಲಿಲ್ಲ. ತಮ್ಮ ಬರಿಗಾಲನ್ನು ಇನ್ನೊಂದು ಕಾಲಿನ ಹಿಂದೆ ಅಡಗಿಸಿಕೊಂಡು, ಯಾರಿಗೂ ಅಡ್ಡಿಯಾಗದಂತೆ ಮೂಲೆಗೆ ಸರಿದು ಕುಳಿತಿದ್ದರು. ಸರಿಯಾದ ಕನ್ನಡದಲ್ಲಿ, ಸರಿಯಾದ ಮಾತನ್ನು, ನನ್ನ ಕೈ ಹಿಡಿದು ಹೇಳಿದ್ದ ಹೆಂಗಸು. ಅವರು ಹಾಗೆ ಮುದುರಿ ಕುಳಿತದ್ದನ್ನು ನೋಡುತ್ತ ಇರಲಾಗಲಿಲ್ಲ.

ಎದ್ದು ಹೋಗಿ ಆ ತಾಯಿಯ ಮುಂದೆ ನಿಂತೆ. "ನಿಮ್ಮ ಅವ್ವ ಏನೂ ತಪ್ಪ ಹೇಳಿಲ್ರಿ. ಅವರು ಹೇಳಿದ್ದು ಸರಿನ ಇತ್ತು. ತಪ್ಪ ತಿಳಕೊಂಡಾಕಿ ನಾನು. ನನ್ನ ಕೈಯ್ಯಾರ ತಪ್ಪ ಬರದೀನಿ. ಮಗು ನನ್ನ ಕೇಳೂ ಕೇಳಿತ್ತು, ಇದ್ರಾಗ ಕಡ್ಲೆಕಾಯಿ ಐತೇನಂತ. ಇಲ್ಲ ಅಂತ ನಾನ ಹೇಳಿದೆ."

ಕೊನೆಯ ಮಾತು ಹೇಳದಿದ್ದರೂ ನಡೆಯುತ್ತಿತ್ತು, ಯಾರಿಗೂ ಗೊತ್ತಿರಲಿಲ್ಲ. ಆದರೆ ಅದನ್ನು ಹೇಳದೆ ಉಳಿದದ್ದು ಹೇಳಿ ಏನು ಪ್ರಯೋಜನ? ತಾಯಿ ನನ್ನನ್ನು ನೋಡಿದಳು. ಹೊಡೆಯುತ್ತಾಳೇನೋ ಅಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿತ್ತು. ಅವಳು ಹೋಗಿ ತನ್ನ ತಾಯಿಯ ಪಕ್ಕ ಕುಳಿತಳು.

ಮುಂದಿನ ವಾರ ಪಾಲಕರ ಸಭೆ ಸೇರಿತು. ಅಡುಗೆ ಗಿಡುಗೆ ಬೇಡ, ಪುಸ್ತಕ ಓದಿಸಿ ಸಾಕು ಎಂದು ಅರ್ಧ ಜನ. ಗೊಣಗುತ್ತಿದ್ದವರಿಗೆ ಈಗ ಬಾಯಿ ಬಂದಿತ್ತು, ತಪ್ಪೇನಿಲ್ಲ. ನಾನು ಎದ್ದು ಎಲ್ಲ ಹೇಳಿದೆ, ಹೆಡ್‌ಮಿಸ್ ಮುಖ ತಿರುಗಿಸಿಕೊಂಡು ಕುಳಿತಿದ್ದರು. ಒಂದು ತಟ್ಟೆಯಲ್ಲಿ ಹಸಿ ಕಡಲೆ, ಪುಟಾಣಿ, ಸಿಪ್ಪೆಸಮೇತ ಶೇಂಗಾ ಇಟ್ಟು ಸುತ್ತ ಕಳಿಸಿದೆ. ಶೇಂಗಾ ಎತ್ತಿ ತೋರಿಸಿ, ನಿಮ್ಮ ಮನೆಯಲ್ಲಿ ಇದಕ್ಕೇನಂತಾರೆ ಎಂದು ಕೇಳಿದೆ. ಶೇಂಗಾ ಅಂದರು, ನೆಲಗಡಲೆ ಅಂದರು, ಕಡ್ಲೆಬೀಜ, ಮೂಂಗಫಲಿ, ಪೀನಟ್ ಅಂದರು. ಒಬ್ಬ ತಾಯಿ ತನ್ನ ಮಗನಿಗೆ ಏನೋ ಆಗುವುದಿಲ್ಲ ಎಂದು ಹೆಸರು ಹೇಳಿದಳು. ಪಕ್ಕದವಳಿಗೆ ಅದು ಬೇರೆಯೇ ಅರ್ಥವಾಯಿತು. ಆಗ ಬೇಡ ಅಂದವರೂ ತಟ್ಟೆಯ ಹತ್ತಿರ ಬಂದು ಕುಳಿತರು. ಶನಿವಾರಗಳು ಉಳಿದವು, ಆದರೆ ಒಂದು ಕಟ್ಟಳೆಯ ಮೇಲೆ: ಮಗುವಿಗೆ ಆಗದ ವಸ್ತುವಿನ ಹೆಸರು ಯಾರೂ ಬರೆಯಕೂಡದು. ತಟ್ಟೆಯಲ್ಲಿ ತೋರಿಸಬೇಕು, ಇಬ್ಬರು ನೋಡಬೇಕು, ಅದರ ಫೋಟೋ ಅಂಟಿಸಬೇಕು. ಎರಡನೆಯವರಾಗಿ ನೋಡುವ ಕೆಲಸ ಮಾವಶಿಯದು.

ಹುಡುಗಿ ಮತ್ತೆ ಬರುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ. ತಾಯಿ ಬೇರೆ ಶಾಲೆ ನೋಡುತ್ತಿದ್ದಾಳೆ ಎಂದು ಕೇಳಿದ್ದೆ. ಮೂರು ವಾರದ ಮೇಲೆ ಅಜ್ಜಿಯೇ ಕರೆದುಕೊಂಡು ಬಂದರು. "ಮತ್ತೆ ಜಗಳ ಮಾಡ್ದೆ ಕಣಮ್ಮ" ಎಂದರು. ಮಗುವಿನ ಕೈಯನ್ನು ನನ್ನ ಕೈಗೆ ಕೊಟ್ಟರು. ನನಗೆ ಅಳು ತಡೆಯಲಾಗಲಿಲ್ಲ, ಅವರು ನೋಡದವರಂತೆ ಹೊರಟರು.

ಹುಡುಗಿ ಮೊದಲಿನಂತೆಯೇ ಇದ್ದಳು. ಆಟಕ್ಕೆ ಓಡುತ್ತಿದ್ದಳು, ಹಲಗೆಯ ಮೇಲೆ ಲೆಕ್ಕ ಬಿಡಿಸುತ್ತಿದ್ದಳು. ನನ್ನ ಸೆರಗು ಜಗ್ಗುವುದು ಮಾತ್ರ ಬಿಟ್ಟಿದ್ದಳು.

ಬಿಸಿಲು ಏರತೊಡಗಿದ ಒಂದು ಶನಿವಾರ ಲಿಂಬು ಶರಬತ್ತು ಮಾಡಿದೆವು. ಲೀಟರು, ಅರ್ಧ ಲೀಟರು ಕಲಿಯುವುದಕ್ಕೆ. ಎಲ್ಲರ ಕೈಯಲ್ಲೂ ಲೋಟ. ಅವಳ ಲೋಟವನ್ನು ನಾನೇ ತುಂಬಿ ಕೊಟ್ಟೆ. ತೆಗೆದುಕೊಳ್ಳಲಿಲ್ಲ. ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು.

"ಏನೂ ಇಲ್ಲ ಬಾಳಾ ಇದ್ರಾಗ, ಬರೇ ಲಿಂಬು, ಸಕ್ಕರಿ..." ಎಂದು ಶುರು ಮಾಡಿದೆ.

ಅವಳು ತಲೆ ಅಲ್ಲಾಡಿಸಿದಳು. ಅದುವರೆಗೆ ನನ್ನ ಜೊತೆ ಒಂದು ಪೂರ್ತಿ ವಾಕ್ಯ ಕನ್ನಡದಲ್ಲಿ ಆಡದವಳು, ಅಜ್ಜಿಯ ರಾಗದಲ್ಲೇ, ಮೆಲ್ಲಗೆ ಅಂದಳು: "ಹೇಳ್ಬೇಡಿ ಟೀಚರ್. ತೋರ್ಸಿ."

ನಾನು ನೆಲದ ಮೇಲೆ ಕುಳಿತು, ತಟ್ಟೆಯಲ್ಲಿ ಹಿಂಡಿದ ಲಿಂಬುವಿನ ಹೋಳು, ಸಕ್ಕರೆ, ಉಪ್ಪು, ನಾಲ್ಕು ಕಾಳು ಜೀರಿಗೆ ಬೇರೆ ಬೇರೆ ಇಟ್ಟು ಅವಳ ಮುಂದೆ ಸರಿಸಿದೆ. ಅವಳು ಬಗ್ಗಿ ಒಂದೊಂದನ್ನೇ ನೋಡಿದಳು, ಜೀರಿಗೆಯನ್ನು ಮೂಸಿದಳು. ನೋಡಿ ಮುಗಿದ ಮೇಲೂ ಲೋಟ ಮುಟ್ಟಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಾವಶಿಯ ಕಡೆ ತಿರುಗಿದಳು. ಮಾವಶಿ ಬಂದು ತಟ್ಟೆ ನೋಡಿ, ಹೂಂ ಎಂದು ತಲೆ ಆಡಿಸಿದರು. ಆಮೇಲೆ ಕುಡಿದಳು.